ಜಗವನ್ನೇ ಕುಣಿಸಿದ ಏಳು ಸೆಕೆಂಡು

ಕಲಬುರಗಿ: ಸೇಡಂ ರಸ್ತೆಯಲ್ಲಿ ಮದುವೆಯ ಮೆರವಣಿಗೆ ಹೊರಟರೆ ಹಲಗೆ ಬಾರಿಸುವವರು ಕಣ್ಣೆದುರೇ ಇರುತ್ತಾರೆ, ಅವರ ಸಂಭಾವನೆ ಅವರ ಕೈಸೇರುತ್ತದೆ. ಆದರೆ ಡಿಜೆ ಧ್ವನಿವರ್ಧಕದಿಂದ ಹೊಮ್ಮುವ ತಾಳವನ್ನು ಎಂದೋ ಎಲ್ಲೋ ನುಡಿಸಿದವರು ಯಾರು, ಅವರಿಗೆ ಸಂದದ್ದೇನು ಎಂದು ವಿಚಾರಿಸುವವರು ವಿರಳ. ಅಮೆರಿಕದ ಡ್ರಮ್ ವಾದಕ ಗ್ರೆಗರಿ ಕೋಲ್ಮನ್ ಅವರ ಬದುಕು ಈ ಪ್ರಶ್ನೆಗೆ ದೊರೆಯುವ ನೋವಿನ ಉತ್ತರ.

1944ರಲ್ಲಿ ಜನಿಸಿದ ಕೋಲ್ಮನ್, ವಾಷಿಂಗ್ಟನ್ ನಗರದ ‘ದಿ ವಿನ್‌ಸ್ಟನ್ಸ್’ ತಂಡದ ಸದಸ್ಯರಾಗಿದ್ದರು. ಕರಿಯರೂ ಬಿಳಿಯರೂ ಕೂಡಿ ನುಡಿಸುತ್ತಿದ್ದ ಈ ತಂಡ 1969ರಲ್ಲಿ ‘ಕಲರ್ ಹಿಮ್ ಫಾದರ್’ ಎಂಬ ಹಾಡಿನಿಂದ ಮನೆಮಾತಾಯಿತು. ಅದನ್ನು ರಚಿಸಿದ ತಂಡದ ನಾಯಕ ರಿಚರ್ಡ್ ಸ್ಪೆನ್ಸರ್ ಅವರಿಗೆ ಮರುವರ್ಷ ಗ್ರ್ಯಾಮಿ ಪ್ರಶಸ್ತಿ ಲಭಿಸಿತು.

ಆ ಗ್ರಾಮಫೋನ್ ತಟ್ಟೆಯ ಹಿಂಬದಿಯಲ್ಲಿದ್ದುದು ‘ಅಮೆನ್, ಬ್ರದರ್’ ಎಂಬ ವಾದ್ಯಗೀತೆ. ಅದರ ನಡುವೆ ಉಳಿದೆಲ್ಲ ವಾದ್ಯಗಳು ಮೌನ ತಾಳುತ್ತವೆ. ಕೋಲ್ಮನ್ ಒಬ್ಬರೇ ನಾಲ್ಕು ಆವರ್ತ ನುಡಿಸುತ್ತಾರೆ. ಮೊದಲೆರಡು ಆವರ್ತಗಳದು ನೇರ ನಡೆ. ಮೂರನೆಯದರಲ್ಲಿ ಒಂದು ಪೆಟ್ಟು ತುಸು ತಡವಾಗುತ್ತದೆ. ನಾಲ್ಕನೆಯದರ ಮೊದಲ ಮಾತ್ರೆ ಖಾಲಿ. ಎಲ್ಲ ಸೇರಿ ಸುಮಾರು ಏಳು ಸೆಕೆಂಡು. ಮರುವರ್ಷವೇ ತಂಡ ಚದುರಿತು.

1986ರಲ್ಲಿ ‘ಅಲ್ಟಿಮೇಟ್ ಬ್ರೇಕ್ಸ್ ಅಂಡ್ ಬೀಟ್ಸ್’ ಸಂಕಲನದಲ್ಲಿ ಈ ಗೀತೆ ಮತ್ತೆ ಹೊರಬಂತು. ಧ್ವನಿಯ ತುಣುಕನ್ನು ಹಿಡಿದಿಟ್ಟು ಬೇಕಾದಂತೆ ನುಡಿಸುವ ಸ್ಯಾಂಪ್ಲರ್ ಯಂತ್ರ ಆ ವೇಳೆಗೆ ಸಂಗೀತಗಾರರ ಕೈಸೇರಿತ್ತು. ಅಮೆರಿಕದ ಹಿಪ್‌ಹಾಪ್ ಕಲಾವಿದರು ಕೋಲ್ಮನ್ ತಾಳವನ್ನು ಎತ್ತಿಕೊಂಡರು. 1990ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಯುವಕರು ಅದನ್ನು ಚೂರುಚೂರಾಗಿ ಕತ್ತರಿಸಿ, ಅದಲುಬದಲಾಗಿಸಿ, ವೇಗ ಹೆಚ್ಚಿಸಿ, ಕೆಳಗೆ ಎದೆ ನಡುಗಿಸುವ ಮಂದ್ರ ನಾದವನ್ನು ಹರಿಯಬಿಟ್ಟರು. ‘ಜಂಗಲ್’, ‘ಡ್ರಮ್ ಅಂಡ್ ಬೇಸ್’ ಎಂಬ ನೃತ್ಯಸಂಗೀತ ಪ್ರಕಾರಗಳು ಬೆಳೆದದ್ದು ಬಹುಮಟ್ಟಿಗೆ ಈ ತಾಳದ ಬಲದಿಂದ. ಮುಂದೆ ಸಾವಿರಾರು ಗೀತೆಗಳು ಇದನ್ನು ಬಳಸಿಕೊಂಡವು.

ಗೀತೆಯ ಹಕ್ಕುಸ್ವಾಮ್ಯ ಸ್ಪೆನ್ಸರ್ ಅವರದಾಗಿತ್ತು. ತಾಳದ ಈ ಖ್ಯಾತಿ ಅವರಿಗೆ ತಿಳಿದದ್ದೇ 1996ರಲ್ಲಿ. ಅಷ್ಟರಲ್ಲಿ ಕಾಲ ಮಿಂಚಿತ್ತು; ಈ ಬಳಕೆಗೆ ಅವರಿಗಾಗಲಿ, ಕೋಲ್ಮನ್‌ಗಾಗಲಿ ರಾಯಲ್ಟಿ ಬರಲಿಲ್ಲ. 2006ರಲ್ಲಿ ಅಟ್ಲಾಂಟಾ ನಗರದಲ್ಲಿ ಕೋಲ್ಮನ್ ತಲೆಗೊಂದು ಸೂರಿಲ್ಲದೆ, ಕೈಯಲ್ಲಿ ಕಾಸಿಲ್ಲದೆ ಕೊನೆಯುಸಿರೆಳೆದರು. ತಮ್ಮ ತಾಳ ಜಗತ್ತನ್ನೇ ಕುಣಿಸುತ್ತಿದೆ ಎಂಬುದು ಅವರಿಗೆ ತಿಳಿದಿರಲಾರದು ಎಂಬುದೇ ಸ್ಪೆನ್ಸರ್ ಅವರ ಭಾವನೆಯಾಗಿತ್ತು.

2015ರಲ್ಲಿ ಬ್ರಿಟನ್ನಿನ ಅಭಿಮಾನಿಗಳು ಸುಮಾರು 24,000 ಪೌಂಡ್ ಸಂಗ್ರಹಿಸಿ ಸ್ಪೆನ್ಸರ್ ಅವರಿಗೆ ಅರ್ಪಿಸಿದರು. ತಾಳ ನುಡಿಸಿದ ಕೈಗಳು ಸ್ತಬ್ಧವಾಗಿ ಅಷ್ಟರಲ್ಲಿ ಒಂಬತ್ತು ವರ್ಷ ಕಳೆದಿತ್ತು.