ಅಚ್ಚಿನಕ್ಷರಕ್ಕೆ ಹಾದಿ ತೆರೆದ ಮೋಗ್ಲಿಂಗ್

ತಾಳೆಗರಿಯ ಮೇಲೆ ಕಂಟದ ಮೊನೆಯಿಂದ ಕೊರೆದ ಕನ್ನಡಾಕ್ಷರವು ಒಂದೇ ದಪ್ಪದ ತೆಳುಗೆರೆ. ಲೆಕ್ಕಣಿಕೆಯು ಕಾಗದದ ಮೇಲೆ ಹರಿದಾಗ ಅದಕ್ಕೆ ದಪ್ಪ ಸಪುರಗಳ ಬಳುಕು ಬಂದಿತು. ಗ್ರಂಥಗಳ ಮುಖಪುಟದಲ್ಲಿಯೂ ಪತ್ರಿಕೆಗಳ ತಲೆಬರಹದಲ್ಲಿಯೂ ನಾವು ಕಾಣುವ, ತಲೆಕಟ್ಟು ಎದ್ದು ತೋರುವ ತುಂಬುಮೈಯ ದಪ್ಪಕ್ಷರದಲ್ಲಿ ಆ ಲೇಖನಿಯ ನೆನಪು ಇನ್ನೂ ಅಳಿದಿಲ್ಲ. ಕೈಬರಹದಿಂದ ಅಚ್ಚಿಗೆ ನಡೆದ ಈ ಪಯಣದಲ್ಲಿ ಸ್ಮರಣೀಯರಾದವರು ಹೆರ್ಮನ್ ಮೋಗ್ಲಿಂಗ್.

1811ರಲ್ಲಿ ಜರ್ಮನಿಯ ಬ್ರಾಕನ್‌ಹೈಮಿನಲ್ಲಿ ಜನಿಸಿದ ಇವರು ಟ್ಯೂಬಿಂಗನ್ನಿನಲ್ಲಿ ದೇವತಾಶಾಸ್ತ್ರವನ್ನು ವ್ಯಾಸಂಗ ಮಾಡಿ, 1836ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ, ನಮ್ಮ ಸಕಲೇಶಪುರದ ಘಟ್ಟವನ್ನಿಳಿದರೆ ದೊರೆಯುವ ಮಂಗಳೂರಿಗೆ ಬಂದರು. ಬಂದ ಉದ್ದೇಶ ಕ್ರೈಸ್ತಮತ ಪ್ರಚಾರ, ಅದನ್ನು ಮರೆಮಾಚಬೇಕಾದುದಿಲ್ಲ. ಆದರೆ ಜನರ ಹೃದಯವನ್ನರಿಯಲು ಅವರ ಭಾಷೆಯನ್ನು ಕಲಿಯತೊಡಗಿದವರು ಆ ಭಾಷೆಗೇ ಒಲಿದರು. ಶಾಲೆಯನ್ನು ನಡೆಸಿದರು, ಪಾಠ ಹೇಳಿದರು.

1843ರ ಜುಲೈ 1ರಂದು ಅವರು ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಕನ್ನಡದ ಅಚ್ಚುಮೊಳೆಗಳು ಅದಕ್ಕೆ ಮುಂಚೆಯೇ ಹುಟ್ಟಿದ್ದವು. ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿಯೇ ಶ್ರೀರಾಮಪುರದಲ್ಲಿ ಮುದ್ರಿತವಾಗಿತ್ತು. ಮಂಗಳೂರಿನಲ್ಲಿದ್ದುದು ಮಾತ್ರ ಕಲ್ಲಚ್ಚು. ಜಿಡ್ಡಿನ ಮಸಿಯಿಂದ ಬರೆದುದನ್ನು ಕಲ್ಲಿಗಿಳಿಸಿ ಪ್ರತಿ ತೆಗೆಯುವ ಕ್ರಮವದು. ಓದುಗರು ಹೆಚ್ಚಿದಂತೆ ಅದು ಸಾಲದಾಯಿತು. ಮೊಳೆಯಚ್ಚಿನ ಅನುಕೂಲಕ್ಕಾಗಿ 1844ರಲ್ಲಿ ಪತ್ರಿಕೆಯು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ತಾವು ಹುಟ್ಟಿಸಿದ ಪತ್ರಿಕೆಯನ್ನು ಅಕ್ಷರಗಳ ಅಭಾವದಿಂದ ದೂರದ ಊರಿಗೆ ಕಳುಹಬೇಕಾದ ಪ್ರಸಂಗವದು.

ಕನ್ನಡಕ್ಕೆ ಮೊಳೆ ಎರೆಯುವುದು ಸುಲಭವಲ್ಲ. ಗುಣಿತಾಕ್ಷರಗಳು, ಕೆಳಗಿಳಿಯುವ ಒತ್ತುಗಳು, ಮೇಲಿನ ತಲೆಕಟ್ಟು, ಇವೆಲ್ಲಕ್ಕೂ ನೂರಾರು ಮೊಳೆಗಳು ಬೇಕು. ಒಂದೊಂದಕ್ಕೂ ಉಕ್ಕಿನಲ್ಲಿ ಪಡಿಯಚ್ಚು ಕೆತ್ತಿ, ತಾಮ್ರಕ್ಕೆ ಒತ್ತಿ, ಸೀಸವನ್ನು ಎರೆಯಬೇಕು. ಬಾಸೆಲಿನಲ್ಲಿ ಸಿದ್ಧವಾದ ಮೊಳೆಗಳು ಮಂಗಳೂರನ್ನು ಸೇರಿದುದು 1851ರ ಹೊತ್ತಿಗೆ.

ಮೋಗ್ಲಿಂಗರು ಅಲ್ಲಿಯವರೆಗೆ ಕೈಕಟ್ಟಿ ಕೂಡಲಿಲ್ಲ. 1848ರಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಮುಂತಾದುವನ್ನು ಕಲ್ಲಚ್ಚಿನಲ್ಲಿಯೇ ಪ್ರಕಟಿಸಿದರು. ಮಠಮನೆಗಳ ಓಲೆಕಟ್ಟುಗಳಲ್ಲಿ ಗೆದ್ದಲಿಗೂ ಲಿಪಿಕಾರರ ಕೈತಪ್ಪಿಗೂ ಈಡಾಗುತ್ತಿದ್ದ ಕಾವ್ಯಗಳಿಗೆ ಅದರಿಂದ ಸ್ಥಿರತೆ ಲಭಿಸಿತು. ಇದರ ವೆಚ್ಚವನ್ನು ಹೊತ್ತವರು ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ವಿದ್ವಾಂಸನ ಶ್ರಮಕ್ಕೆ ದಾನಿಯ ಕೈ ಕೂಡಿದರೆ ಏನು ಸಾಧ್ಯವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಮುಂದೆ ಕೊಡಗಿನಲ್ಲಿ ಸೇವೆ ಸಲ್ಲಿಸಿದ ಮೋಗ್ಲಿಂಗರಿಗೆ 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. 1860ರಲ್ಲಿ ಸ್ವದೇಶಕ್ಕೆ ಮರಳಿದ ಅವರು 1881ರಲ್ಲಿ ಎಸ್ಲಿಂಗನ್ನಿನಲ್ಲಿ ಕಾಲವಶರಾದರು.

ಅನ್ಯಮತೀಯರೊಬ್ಬರು ಬಸವಪುರಾಣವನ್ನು ಕನ್ನಡಿಗರ ಕೈಗಿತ್ತ ಸಂಗತಿ ನಮಗೆ ವಿನಯವನ್ನು ಕಲಿಸಬೇಕು. ನಮ್ಮ ಬಾಲಕರು ದುಂಡಾದ ಕನ್ನಡಾಕ್ಷರವನ್ನು ತಿದ್ದುವಾಗ, ಅದನ್ನು ಉಳಿಸಿಕೊಟ್ಟ ಕೈಗಳನ್ನೂ ನೆನೆಯಲಿ.