ಹೊಲದ ಅಂಚು ಯಾರದು?



ಸುಗ್ಗಿ ಎಂದೊಡನೆ ನಿಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಜನವರಿಯ ಸಂಕ್ರಾಂತಿ. ಎಳ್ಳು ಬೆಲ್ಲ, ಕಬ್ಬು, ಕನ್ನಡ ಕೂಟದ ಕಾರ್ಯಕ್ರಮ. ಈ ಸಂಚಿಕೆಯಲ್ಲಿ ಇನ್ನೊಂದು ಸುಗ್ಗಿಯ ಮಾತು, ಬೈಬಲಿನದು. ನಿಮ್ಮ ಜೊತೆ ಓದುವ ಕ್ರೈಸ್ತ ಮತ್ತು ಯೆಹೂದಿ ಗೆಳೆಯರಿಗೆ ಇದರಲ್ಲಿ ಸ್ವಲ್ಪವಾದರೂ ಗೊತ್ತಿರುತ್ತದೆ. ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಮನೆಗಳಿಂದ ಬಂದ ಮಕ್ಕಳಿಗೆ ಇನ್ನೂ ಚೆನ್ನಾಗಿ ಗೊತ್ತು.

ಬೈಬಲಿನ ನಾಡು ಮೆಡಿಟರೇನಿಯನ್ ಸಮುದ್ರದ ಪೂರ್ವದ ದಡದಲ್ಲಿದೆ. ನಮ್ಮಲ್ಲಿ ಜೂನ್ ಬಂತೆಂದರೆ ಮುಂಗಾರು. ಅಲ್ಲಿ ಜೂನಿನಲ್ಲಿ ಆಕಾಶ ಬರಿದು. ಮೊದಲ ಮಳೆ ಬೀಳುವುದು ಅಕ್ಟೋಬರ್ ಹೊತ್ತಿಗೆ. ಬಿಸಿಲಿಗೆ ಗಟ್ಟಿಯಾದ ನೆಲ ಆಗ ಮೆತ್ತಗಾಗಿ ನೇಗಿಲಿಗೆ ಸಿಗುತ್ತದೆ. ಚಳಿಗಾಲವಿಡೀ ಪೈರು ಬೆಳೆದು, ವಸಂತದ ಕೊನೆಯ ಮಳೆಗೆ ಕಾಳು ತುಂಬಿಕೊಂಡು, ಏಪ್ರಿಲ್ ಸುಮಾರಿಗೆ ಜವೆಗೋಧಿ ಕೊಯ್ಲಿಗೆ ಬರುತ್ತದೆ. ಮೇ, ಜೂನಿನಲ್ಲಿ ಗೋಧಿ. ಬೇಸಿಗೆ ಮುಗಿಯುವಾಗ ದ್ರಾಕ್ಷಿ, ಅಂಜೂರ, ಎಲ್ಲಕ್ಕಿಂತ ಕೊನೆಗೆ ಆಲಿವ್. ಈಜಿಪ್ಟಿಗಾದರೆ ನೈಲ್ ನದಿಯಿತ್ತು. ಇಲ್ಲಿನ ಇಸ್ರಾಯೇಲ್ಯರಿಗೆ ಮಳೆಯೇ ಗತಿ. ಅದು ಕೈಕೊಟ್ಟರೆ ಬರ. ಹಾಗಾಗಿ ಬೈಬಲಿನಲ್ಲಿ ಬೆಳೆ ಕೈಗೆ ಬಂತು ಎಂದರೆ ದೇವರು ಮಾತು ಉಳಿಸಿಕೊಂಡ ಎಂದೇ ಅರ್ಥ.

1908ರಲ್ಲಿ ಆ ನಾಡಿನ ಗೆಜೆರ್ ಎಂಬಲ್ಲಿ ಅಗೆಯುವಾಗ ಒಂದು ಪುಟ್ಟ ಸುಣ್ಣದ ಕಲ್ಲು ಸಿಕ್ಕಿತು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು, ಸುಮಾರು ಮೂರು ಸಾವಿರ ವರ್ಷ ಹಳೆಯದು. ಎರಡು ತಿಂಗಳು ಫಲ ಕೂಡಿಡುವುದು, ಎರಡು ತಿಂಗಳು ಬಿತ್ತನೆ, ಒಂದು ತಿಂಗಳು ಜವೆಗೋಧಿ ಕೊಯ್ಲು, ಹೀಗೆ ವರ್ಷವಿಡೀ ಹೊಲದ ಕೆಲಸದ ಪಟ್ಟಿ ಅದರ ಮೇಲಿದೆ. ರಾಜನ ಹೆಸರಿಲ್ಲ, ಯುದ್ಧದ ಸುದ್ದಿಯಿಲ್ಲ. ಯಾರೋ ಹುಡುಗ ಬರವಣಿಗೆ ಕಲಿಯಲು ಗೀಚಿದ್ದಿರಬಹುದು ಎಂದು ಕೆಲವು ವಿದ್ವಾಂಸರ ಊಹೆ. ಈಗ ಆ ಕಲ್ಲು ಇಸ್ತಾನ್‌ಬುಲ್‌ನ ವಸ್ತುಸಂಗ್ರಹಾಲಯದಲ್ಲಿದೆ. ರಜೆಗೆ ಆ ಕಡೆ ಹೋದರೆ ನೋಡಿ ಬನ್ನಿ.

ಇಸ್ರಾಯೇಲ್ಯರ ಮೂರು ದೊಡ್ಡ ಹಬ್ಬಗಳೂ ಈ ಕೆಲಸಗಳಿಗೇ ಹೊಂದಿಕೊಂಡಿವೆ. ಪಸ್ಕ ಹಬ್ಬದ ಹೊತ್ತಿಗೆ ಜವೆಗೋಧಿಯ ಮೊದಲ ಸಿವುಡನ್ನು ಯಾಜಕರು ದೇವರ ಮುಂದೆ ಎತ್ತಿ ಹಿಡಿಯುತ್ತಿದ್ದರು. ಅದಾಗುವ ತನಕ ಹೊಸ ಕಾಳನ್ನು ಯಾರೂ ಬಾಯಿಗಿಡುವಂತಿರಲಿಲ್ಲ. ಅಲ್ಲಿಂದ ಏಳು ವಾರ ಎಣಿಸಿ, ಐವತ್ತನೆಯ ದಿನ ಗೋಧಿಯ ಹಬ್ಬ. ಅಂದು ಹೊಸ ಹಿಟ್ಟಿನ ಎರಡು ರೊಟ್ಟಿ ನೈವೇದ್ಯ. ಶರತ್ಕಾಲದಲ್ಲಿ ಹಣ್ಣೆಲ್ಲ ಮನೆಗೆ ಬಂದ ಮೇಲೆ ಪರ್ಣಶಾಲೆಗಳ ಹಬ್ಬ, ಏಳು ದಿನ ಸೊಪ್ಪುಸದೆಯ ಗುಡಿಸಲಲ್ಲಿ ವಾಸ. ಕಣಜ ತುಂಬಿದ ದಿನವೇ ಮನೆ ಬಿಟ್ಟು ಗುಡಿಸಲಿಗೆ ಹೋಗುವುದು ಯಾಕೆ? ಹಿರಿಯರು ಮನೆಯಿಲ್ಲದೆ ಮರುಭೂಮಿಯಲ್ಲಿ ಅಲೆದದ್ದನ್ನು ಮರೆಯಬಾರದೆಂದು. ಹೊಟ್ಟೆ ತುಂಬಿದಾಗಲೇ ಮರೆವು ಹೆಚ್ಚು ಎಂಬುದು ಬೈಬಲಿನ ಧರ್ಮಶಾಸ್ತ್ರ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು.

ಹಬ್ಬ ಎಲ್ಲ ಬೇಸಾಯದ ಊರುಗಳಲ್ಲೂ ಉಂಟು. ನನಗೆ ಹೆಚ್ಚು ಹಿಡಿಸುವುದು ಕೊಯ್ಲಿನ ಕಟ್ಟಳೆಗಳು. ಬೈಬಲಿನ ಯಾಜಕಕಾಂಡ, ಧರ್ಮೋಪದೇಶಕಾಂಡ ಎಂಬ ಪುಸ್ತಕಗಳು ರೈತನಿಗೆ ಹೇಳುವುದು ಇಷ್ಟು: ಹೊಲವನ್ನು ಅಂಚಿನವರೆಗೆ ಕೊಯ್ಯಬೇಡ. ಕೈಯಿಂದ ಜಾರಿದ ತೆನೆಯನ್ನು ಮತ್ತೆ ಬಗ್ಗಿ ಆರಿಸಬೇಡ. ಒಂದು ಸಿವುಡು ಹೊಲದಲ್ಲೇ ಮರೆತುಹೋದರೆ ಅದಕ್ಕಾಗಿ ಹಿಂತಿರುಗಬೇಡ. ಆಲಿವ್ ಮರವನ್ನು ಬಡಿದ ಮೇಲೆ ಕೊಂಬೆ ಕೊಂಬೆ ತಡಕಬೇಡ. ಉಳಿದದ್ದೆಲ್ಲ ಬಡವರಿಗೆ, ವಿಧವೆಯರಿಗೆ, ತಂದೆಯಿಲ್ಲದ ಮಕ್ಕಳಿಗೆ ಮತ್ತು ಪರದೇಶದಿಂದ ಬಂದವರಿಗೆ.

ಇದನ್ನು ದಾನ ಎಂದುಕೊಂಡರೆ ತಪ್ಪಾಗುತ್ತದೆ. ದಾನ ಕೊಡುವವನಿಗೆ ಯಾರಿಗೆ, ಎಷ್ಟು ಎಂದು ತೀರ್ಮಾನಿಸುವ ಅಧಿಕಾರವಿರುತ್ತದೆ. ಇಲ್ಲಿ ಆ ಅಂಚು ಅವನದಲ್ಲವೇ ಅಲ್ಲ. ಬಂದವರು ತಾವೇ ಆಯ್ದು ಒಯ್ಯುತ್ತಾರೆ, ಯಾರ ಮುಂದೆಯೂ ಕೈಯೊಡ್ಡಬೇಕಿಲ್ಲ. ‘ಅಂಚು’ ಎಂದರೆ ಎಷ್ಟಗಲ ಎಂದು ಬೈಬಲ್ ಹೇಳಲಿಲ್ಲ. ಆಮೇಲೆ ಬಂದ ಯೆಹೂದಿ ಗುರುಗಳು ಕೂತು ಚರ್ಚಿಸಿ, ಅರವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಬಿಡಬಾರದು ಎಂದರು. ಜಿಪುಣರು ಎಲ್ಲ ಕಾಲದಲ್ಲೂ ಇರುತ್ತಾರೆ, ಅವರಿಗೆ ಲೆಕ್ಕ ಹೇಳಲೇಬೇಕು. ಕಣದಲ್ಲಿ ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಕಟ್ಟಬಾರದು, ಕೂಲಿಯವನ ಸಂಬಳ ಮರುದಿನದವರೆಗೆ ಇಟ್ಟುಕೊಳ್ಳಬಾರದು, ಎಷ್ಟೇ ಅವಸರದ ಕೊಯ್ಲಿದ್ದರೂ ಏಳನೆಯ ದಿನ ಕೆಲಸ ನಿಲ್ಲಿಸಬೇಕು. ಇವೂ ಬೈಬಲಿನಲ್ಲೇ ಇವೆ.

ಈ ಕಟ್ಟಳೆ ಬರೀ ಓಲೆಯ ಮೇಲಿತ್ತೋ, ಹೊಲದಲ್ಲೂ ನಡೆಯುತ್ತಿತ್ತೋ? ಅದಕ್ಕೆ ಬೈಬಲಿನಲ್ಲೇ ಇರುವ ರೂತಳ ಕಥೆ ಓದಬೇಕು.

ಬೇತ್ಲೆಹೇಮಿನಲ್ಲಿ ಬರ ಬಂತು. ಎಲೀಮೆಲೆಕ ಎಂಬವನು ಹೆಂಡತಿ ನೊವೊಮಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಮೋವಾಬ್ ದೇಶಕ್ಕೆ ವಲಸೆ ಹೋದ. ಅಲ್ಲಿ ಅವನು ತೀರಿಕೊಂಡ. ಮಕ್ಕಳು ಮೋವಾಬಿನ ಹುಡುಗಿಯರಾದ ಒರ್ಫಾ ಮತ್ತು ರೂತಳನ್ನು ಮದುವೆಯಾದರು. ಹತ್ತು ವರ್ಷದಲ್ಲಿ ಆ ಇಬ್ಬರೂ ಸತ್ತರು. ಊರಲ್ಲಿ ಬೆಳೆಯಾಗಿದೆ ಎಂದು ಕೇಳಿ ನೊವೊಮಿ ಹೊರಟಾಗ ಸೊಸೆಯರಿಗೆ, ನಿಮ್ಮ ತವರಿಗೆ ಹೋಗಿ ತಾಯಂದಿರಾ, ಎಂದಳು. ಒರ್ಫಾ ಅತ್ತು ಹಿಂತಿರುಗಿದಳು. ಅವಳದೇನೂ ತಪ್ಪಿಲ್ಲ, ಕಥೆಯೂ ಅವಳನ್ನು ಬೈಯುವುದಿಲ್ಲ. ರೂತಳು ಮಾತ್ರ ಅತ್ತೆಯನ್ನು ಬಿಡಲಿಲ್ಲ.

ಅವರು ಬೇತ್ಲೆಹೇಮ್ ಮುಟ್ಟಿದಾಗ ಜವೆಗೋಧಿ ಕೊಯ್ಲು ಶುರುವಾಗಿತ್ತು. ರೂತಳು ಹಕ್ಕಲಾಯಲು ಹೊರಟಳು. ಹಕ್ಕಲು ಎಂದರೆ ಕೊಯ್ಲಾದ ಮೇಲೆ ಹೊಲದಲ್ಲಿ ಬಿದ್ದುಳಿಯುವ ತೆನೆ. ಹೊಕ್ಕ ಹೊಲ ಬೋವಜ ಎಂಬ ಸಾಹುಕಾರನದು, ಅವಳ ಮಾವನ ಬಳಗದವನು. ಅವನು ಬಂದವನೇ ಕೊಯ್ಯುವ ಆಳುಗಳಿಗೆ ತಾನೇ ಮೊದಲು ದೇವರ ಹೆಸರಿನಲ್ಲಿ ಒಳ್ಳೆಯದನ್ನು ಹಾರೈಸುತ್ತಾನೆ. ಆಮೇಲೆ, ಆ ಹುಡುಗಿ ಯಾರು ಎಂದು ಕೇಳುತ್ತಾನೆ. ಮೋವಾಬಿನವಳು ಎಂದು ತಿಳಿದ ಮೇಲೂ, ಬೇರೆ ಹೊಲಕ್ಕೆ ಹೋಗಬೇಡ ಮಗಳೇ, ಬಾಯಾರಿದರೆ ನಮ್ಮ ಕೊಡದ ನೀರು ಕುಡಿ, ಎನ್ನುತ್ತಾನೆ. ಯಾರೂ ಅವಳನ್ನು ಮುಟ್ಟಬಾರದೆಂದು ಆಳುಗಳಿಗೆ ಕಟ್ಟಪ್ಪಣೆ. ಮಧ್ಯಾಹ್ನ ಕೆಲಸದವರ ಜೊತೆಯಲ್ಲೇ ಊಟ: ಹುಳಿರಸದಲ್ಲಿ ಅದ್ದಿದ ರೊಟ್ಟಿ, ಹುರಿದ ತೆನೆ, ನಮ್ಮ ಉತ್ತರ ಕರ್ನಾಟಕದವರ ಸೀತನಿಯಂಥದು. ಅವಳು ಹೊಟ್ಟೆ ತುಂಬ ತಿಂದು ಮಿಕ್ಕಿದ್ದನ್ನು ಅತ್ತೆಗೆಂದು ಕಟ್ಟಿಕೊಳ್ಳುತ್ತಾಳೆ. ಈ ವಿವರ ಬರೆದವರು ಯಾರೇ ಇರಲಿ, ಹಸಿವು ಕಂಡವರೇ ಸರಿ.

ಇನ್ನೊಂದು ಸೂಕ್ಷ್ಮ. ಸಿವುಡುಗಳಿಂದಲೇ ಒಂದಿಷ್ಟು ತೆನೆ ಎಳೆದು ಅವಳ ದಾರಿಯಲ್ಲಿ ಬೀಳಿಸಿ ಎಂದು ಬೋವಜ ಆಳುಗಳಿಗೆ ಹೇಳುತ್ತಾನೆ. ಅವಳಿಗೆ ಅದು ತಿಳಿಯುವುದಿಲ್ಲ. ಸಂಜೆ ಆಯ್ದದ್ದನ್ನೆಲ್ಲ ಬಡಿದು ಅಳೆದರೆ ಒಂದು ಏಫಾ, ಅಂದರೆ ಸುಮಾರು 22 ಲೀಟರ್ ಕಾಳು! ಹಕ್ಕಲಾಯ್ದು ಒಂದೇ ದಿನದಲ್ಲಿ ಅಷ್ಟು ಸಿಗುವುದುಂಟೇ? ಕಾಳು ಕಂಡೊಡನೆ ನೊವೊಮಿಯೂ ಮೊದಲು ಕೇಳಿದ್ದು, ಇವತ್ತು ಯಾರ ಹೊಲದಲ್ಲಿದ್ದೆ ಎಂದೇ.

ಮುಂದಿನದು ಬೇಗ ಹೇಳುತ್ತೇನೆ. ಕಣದಲ್ಲಿ ರಾಶಿ ತೂರಿದ ರಾತ್ರಿ ನೊವೊಮಿಯ ಸಲಹೆಯಂತೆ ರೂತಳು ಬೋವಜನ ಆಸರೆ ಕೇಳಿದಳು. ಮರುದಿನ ಊರಬಾಗಿಲಲ್ಲಿ ಹತ್ತು ಮಂದಿ ಹಿರಿಯರ ಮುಂದೆ ಮಾತುಕತೆ ನಡೆದು ಇಬ್ಬರಿಗೂ ಮದುವೆಯಾಯಿತು. ಅವರ ಮಗ ಓಬೇದ, ಓಬೇದನ ಮಗ ಇಷಯ, ಇಷಯನ ಮಗನೇ ದೊರೆ ದಾವೀದ. ಮೋವಾಬ್ಯರನ್ನು ದೇವರ ಸಭೆಗೆ ಸೇರಿಸಲೇಬಾರದು ಎಂದು ಅದೇ ಧರ್ಮೋಪದೇಶಕಾಂಡದಲ್ಲಿದೆ, ನೆನಪಿಡಿ. ಇಸ್ರಾಯೇಲಿನ ಅತಿ ದೊಡ್ಡ ಅರಸನ ಮುತ್ತಜ್ಜಿ ಮಾತ್ರ ಮೋವಾಬಿನಿಂದ ಬಂದು ಹಕ್ಕಲಾಯ್ದವಳು! ಯೆಹೂದಿಗಳು ಇಂದಿಗೂ ಗೋಧಿಯ ಹಬ್ಬವಾದ ಶಾವುವೋತ್‌ನಲ್ಲಿ ಈ ಪುಸ್ತಕ ಓದುತ್ತಾರೆ. ಮತ್ತಾಯನ ಸುವಾರ್ತೆ ಯೇಸುವಿನ ವಂಶಾವಳಿಯಲ್ಲಿ ರೂತಳ ಹೆಸರನ್ನು ಬರೆದಿದೆ.

ಯೇಸು ಹೇಳಿದ ಕಥೆಗಳಲ್ಲೂ ಬಿತ್ತುವವರು, ಕೊಯ್ಯುವವರು ಎಷ್ಟು ಮಂದಿ! ಒಮ್ಮೆ ಅವನ ಶಿಷ್ಯರು ಹಸಿದು, ದಾರಿಯ ಹೊಲದಲ್ಲಿ ತೆನೆ ಕಿತ್ತು ತಿಂದರು. ನೋಡಿದವರು ತಕರಾರು ತೆಗೆದದ್ದು ಕದ್ದರೆಂದಲ್ಲ, ಸಬ್ಬತ್ ದಿನ, ಅಂದರೆ ಕೆಲಸ ನಿಲ್ಲಿಸಬೇಕಾದ ಆ ಏಳನೆಯ ದಿನ, ಮಾಡಬಾರದ್ದನ್ನು ಮಾಡಿದರೆಂದು. ಹಸಿದವನು ಕೈಯಲ್ಲಿ ಕಿತ್ತು ತಿನ್ನಬಹುದು, ಕುಡುಗೋಲು ಹಾಕುವಂತಿಲ್ಲ ಎಂಬ ನಿಯಮ ಎಲ್ಲರಿಗೂ ಗೊತ್ತಿತ್ತು. ಐವತ್ತನೆಯ ದಿನದ ಆ ಗೋಧಿ ಹಬ್ಬದಂದೇ ಶಿಷ್ಯರಿಗೆ ಪವಿತ್ರಾತ್ಮ ವರ ದೊರೆಯಿತೆಂದು ಕ್ರೈಸ್ತರ ನಂಬಿಕೆ. ಚರ್ಚುಗಳು ಅದನ್ನು ಪೆಂಟೆಕೋಸ್ಟ್ ಎಂದು ಆಚರಿಸುತ್ತವೆ.

ಬೈಬಲಿನ ಈ ಸುಗ್ಗಿ ನಮ್ಮ ಕರಾವಳಿಗೆ ಬಂದಾಗ ಜವೆಗೋಧಿಯ ಜಾಗದಲ್ಲಿ ಭತ್ತ ಬಂತು. ಸೆಪ್ಟೆಂಬರ್ 8ರಂದು, ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬದ ದಿನ, ಕೊಂಕಣಿ ಮಾತಾಡುವ ಕೆಥೋಲಿಕರು ಮೊಂತಿ ಫೆಸ್ತ್ ಆಚರಿಸುತ್ತಾರೆ. ಕನ್ನಡದಲ್ಲಿ ತೆನೆ ಹಬ್ಬ. ಮಕ್ಕಳು ಒಂಬತ್ತು ದಿನ ಹೂ ತಂದು ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹೊಸ ಭತ್ತದ ತೆನೆಗೆ ಚರ್ಚಿನಲ್ಲಿ ಆಶೀರ್ವಾದವಾಗಿ ಅದು ಮನೆಗೆ ಬರುತ್ತದೆ. ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಯವರೆಲ್ಲ ಹಂಚಿಕೊಳ್ಳುತ್ತಾರೆ. ಮೀನು, ಮಾಂಸ ಪ್ರಿಯರ ಮನೆಯಲ್ಲೂ ಅಂದು ಬರೀ ತರಕಾರಿ ಊಟ. ದೂರದ ದೇಶದಲ್ಲಿರುವ ಮಕ್ಕಳಿಗೆ ಲಕೋಟೆಯಲ್ಲಿ ಒಂದೆರಡು ಕಾಳು ಕಳಿಸುವ ಅಜ್ಜಿಯರೂ ಇದ್ದಾರೆ.

ರೂತಳ ಪುಸ್ತಕ ಬರೀ ನಾಲ್ಕು ಅಧ್ಯಾಯ. ಕನ್ನಡ ಬೈಬಲ್ ಇಂಟರ್‌ನೆಟ್‌ನಲ್ಲೂ ಸಿಗುತ್ತದೆ. ಯಾವ ಧರ್ಮದ ಮನೆಯಾದರೂ ಸರಿ, ಅಜ್ಜ ಅಜ್ಜಿಗೆ ವಿಡಿಯೊ ಕರೆ ಮಾಡಿದಾಗ ಎರಡನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿ ಹೇಳಿ. ಆಮೇಲೆ, ಅವರ ಊರಿನ ಹೊಲದಲ್ಲಿ ಹಕ್ಕಲಾಯಲು ಯಾರು ಬರುತ್ತಿದ್ದರು, ಅವರನ್ನು ಬಿಟ್ಟುಕೊಳ್ಳುತ್ತಿದ್ದರೋ ಓಡಿಸುತ್ತಿದ್ದರೋ ಎಂದು ಕೇಳಿ. ಬಂದ ಉತ್ತರವನ್ನು ನಿಮ್ಮದೇ ಕನ್ನಡದಲ್ಲಿ ಬರೆದು ಮುಂದಿನ ಸಂಚಿಕೆಗೆ ಕಳಿಸಿ. ಕಾಗುಣಿತ ತಪ್ಪಿದರೆ ನಾವು ತಿದ್ದಿಕೊಳ್ಳುತ್ತೇವೆ.