ದಂಡನಾಯಕ ಚಾವುಂಡರಾಯ

ಕುನ್ನತ್ತೂರಿನಿಂದ ಸ್ವಲ್ಪ ದೂರ ಹೋದರೆ ಈರೋಡು ಜಿಲ್ಲೆಯ ವಿಜಯಮಂಗಲ ಸಿಗುತ್ತದೆ. ಅಲ್ಲಿ ಚಂದ್ರಪ್ರಭ ತೀರ್ಥಂಕರರ ಹಳೆಯ ಬಸದಿ ಇದೆ. ಜೈನರ ದೇವಾಲಯವನ್ನು ಬಸದಿ ಎನ್ನುತ್ತಾರೆ. ಅಲ್ಲಿನ ಕಂಬದ ಮೇಲಿನ ಶಾಸನವೊಂದು ಪುಲ್ಲಪ್ಪೆ ಎಂಬವಳನ್ನು ನೆನೆಯುತ್ತದೆ. ಅವಳು ಚಾವುಂಡರಾಯನ ತಂಗಿ. ಜೈನರ ವ್ರತವನ್ನು ಕೈಗೊಂಡು ಅವಳು ಅಲ್ಲಿ ದೇಹ ಬಿಟ್ಟಳು. ಶ್ರವಣಬೆಳಗೊಳದ ಗೊಮ್ಮಟೇಶ್ವರ ಮೂರ್ತಿಯನ್ನು ಮಾಡಿಸಿದವನೇ ಈ ಚಾವುಂಡರಾಯ. ಅಷ್ಟು ದೊಡ್ಡವನ ತಂಗಿಯ ನೆನಪು ನಮ್ಮ ನೆರೆಯಲ್ಲೇ ಇದೆ ಎಂಬುದು ಇಲ್ಲಿನ ಅನೇಕರಿಗೆ ತಿಳಿದಿಲ್ಲ.

ಚಾವುಂಡರಾಯನು ಹತ್ತನೆಯ ಶತಮಾನದವನು. ಅವನ ತಾಯಿ ಕಾಳಲಾದೇವಿ. ಆಗ ಗಂಗ ವಂಶದ ಅರಸರು ಕಾವೇರಿ ದಡದ ತಲಕಾಡನ್ನು ರಾಜಧಾನಿ ಮಾಡಿಕೊಂಡು ಆಳುತ್ತಿದ್ದರು. ಮಾರಸಿಂಹ ಮತ್ತು ರಾಚಮಲ್ಲ ಎಂಬ ಅರಸರಲ್ಲಿ ಇವನು ಮಂತ್ರಿಯೂ ದಂಡನಾಯಕನೂ ಆಗಿದ್ದನು.

ಚಾವುಂಡರಾಯನು ಜೈನನು. ಜೈನರಿಗೆ ಅಹಿಂಸೆಯೇ ಮೊದಲ ವ್ರತ. ಸಣ್ಣ ಹುಳುವಿಗೂ ನೋವಾಗಬಾರದೆಂದು ಅವರು ನೀರನ್ನು ಸೋಸಿ ಕುಡಿಯುತ್ತಾರೆ, ಕತ್ತಲಾದ ಮೇಲೆ ಉಣ್ಣುವುದಿಲ್ಲ. ಮಕ್ಕಳೇ, ಅಂತಹ ಮನೆಯ ಮಗನು ಕತ್ತಿ ಹಿಡಿದು ಯುದ್ಧಕ್ಕೆ ಹೋದದ್ದು ಹೇಗೆ?

ಜೈನಧರ್ಮದಲ್ಲಿ ಮುನಿಗಳಿಗೆ ಒಂದು ನಿಯಮ, ಸಂಸಾರಿಗಳಿಗೆ ಇನ್ನೊಂದು ನಿಯಮ. ಮುನಿಯು ಯಾವ ಜೀವಿಗೂ ನೋವು ಮಾಡಬಾರದು. ಸಂಸಾರಿಯು ಬೇಕೆಂದೇ ಕೊಲ್ಲಬಾರದು. ಆದರೆ ಶತ್ರುವು ಮೇಲೆ ಬಿದ್ದಾಗ ತನ್ನವರನ್ನು ಕಾಪಾಡಲು ಹೋರಾಡಬಹುದು. ಚಾವುಂಡರಾಯನು ಈ ನಂಬಿಕೆಯಲ್ಲಿ ಬೆಳೆದವನು. ನೊಳಂಬರೊಡನೆ ಗೋನೂರಿನಲ್ಲಿ ಕಾದಿದನು. ಉಚ್ಚಂಗಿ ಕೋಟೆಯ ಯುದ್ಧದಲ್ಲಿ ಗೆದ್ದನು. ಗೆದ್ದಾಗಲೆಲ್ಲ ಒಂದೊಂದು ಬಿರುದು ಬಂದಿತು.

ಆದರೆ ಒಂದು ಬಿರುದಿನ ಕಥೆ ಬೇರೆ. ಮುದುರಾಚಯ್ಯ ಎಂಬ ವೀರನು ಚಾವುಂಡರಾಯನ ತಮ್ಮ ನಾಗವರ್ಮನನ್ನು ಕೊಂದಿದ್ದನು. ಚಾವುಂಡರಾಯನು ಅವನನ್ನು ಕೊಂದು 'ಸಮರ ಪರಶುರಾಮ' ಎನಿಸಿಕೊಂಡನು. ಇದು ನಾಡನ್ನು ಕಾಪಾಡಲು ಮಾಡಿದ ಯುದ್ಧವೇ? ನನಗಂತೂ ಸೇಡಿನಂತೆಯೇ ಕಾಣುತ್ತದೆ. ಇದೇ ಚಾವುಂಡರಾಯನಿಗೆ 'ಸತ್ಯ ಯುಧಿಷ್ಠಿರ' ಎಂಬ ಹೆಸರೂ ಇತ್ತು. ತಮಾಷೆಗೂ ಅವನು ಸುಳ್ಳಾಡುತ್ತಿರಲಿಲ್ಲವಂತೆ!

ಅವನ ಒಡೆಯ ಮಾರಸಿಂಹನೂ ಅನೇಕ ಯುದ್ಧಗಳನ್ನು ಗೆದ್ದವನು. ಕೊನೆಗೆ ಆ ಅರಸನು ರಾಜ್ಯವನ್ನೇ ಬಿಟ್ಟು ಬಂಕಾಪುರಕ್ಕೆ ಹೋದನು. ಗುರು ಅಜಿತಸೇನರ ಬಳಿ ವ್ರತ ಕೈಗೊಂಡು ಅಲ್ಲಿಯೇ ತೀರಿಕೊಂಡನು. ಆ ಅಜಿತಸೇನರೇ ಚಾವುಂಡರಾಯನಿಗೂ ಗುರುಗಳು.

ಕ್ರಿ.ಶ. 978ರಲ್ಲಿ ಚಾವುಂಡರಾಯನು ಕನ್ನಡದಲ್ಲಿ ಒಂದು ದೊಡ್ಡ ಗದ್ಯಗ್ರಂಥವನ್ನು ಬರೆದನು. ಅದು 'ಚಾವುಂಡರಾಯ ಪುರಾಣ' ಎಂದೇ ಹೆಸರಾಗಿದೆ. 24 ತೀರ್ಥಂಕರರ ಕಥೆಗಳು ಅದರಲ್ಲಿವೆ. ಮೊದಲನೆಯ ತೀರ್ಥಂಕರ ಆದಿನಾಥ. ಅವನ ಮಕ್ಕಳೇ ಭರತ ಮತ್ತು ಬಾಹುಬಲಿ.

ರಾಜ್ಯಕ್ಕಾಗಿ ಈ ಅಣ್ಣತಮ್ಮಂದಿರಲ್ಲಿ ಜಗಳವಾಯಿತು. ಎರಡು ಸೇನೆಗಳೂ ಎದುರುಬದುರು ನಿಂತವು. ಆಗ ಮಂತ್ರಿಗಳು ನಡುವೆ ಬಂದರು. ಇಬ್ಬರ ಜಗಳಕ್ಕೆ ಸಾವಿರಾರು ಸೈನಿಕರು ಏಕೆ ಸಾಯಬೇಕೆಂದು ಕೇಳಿದರು. ಅಣ್ಣತಮ್ಮಂದಿರು ತಾವಿಬ್ಬರೇ ಸೆಣಸಲು ಒಪ್ಪಿದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಬಾಹುಬಲಿ ಗೆದ್ದನು. ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲೆತ್ತಿದವನು ನೆಲಕ್ಕೆ ಅಪ್ಪಳಿಸದೆ ಮೆಲ್ಲಗೆ ಇಳಿಸಿದನು. ಸೋತ ಭರತನು ಸಿಟ್ಟಿನಿಂದ ಚಕ್ರವನ್ನು ಎಸೆದನು. ಅದು ಬಾಹುಬಲಿಗೆ ಏನೂ ಮಾಡಲಿಲ್ಲ. ಅಣ್ಣನೇ ತಮ್ಮನನ್ನು ಕೊಲ್ಲಹೊರಟದ್ದನ್ನು ಕಂಡು ಬಾಹುಬಲಿಗೆ ರಾಜ್ಯವೇ ಬೇಡವೆನಿಸಿತು. ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ಹೊರಟುಹೋದನು.

ಚಾವುಂಡರಾಯನು ಮೂರ್ತಿ ಮಾಡಿಸಲು ಆರಿಸಿಕೊಂಡದ್ದು ಈ ಬಾಹುಬಲಿಯನ್ನು. ತಾಯಿಯ ಆಸೆಯನ್ನು ತೀರಿಸಲು ಹೀಗೆ ಮಾಡಿದನೆಂದು ಹೇಳುತ್ತಾರೆ. ಗುಳ್ಳಕಾಯಜ್ಜಿಯ ಕಥೆಯೂ ಇದಕ್ಕೆ ಸೇರಿದ್ದೇ. ಅದನ್ನು ಮನೆಯಲ್ಲಿ ಹಿರಿಯರಿಂದ ಕೇಳಿರಿ. ಕ್ರಿ.ಶ. 981ರ ಸುಮಾರಿಗೆ ಶ್ರವಣಬೆಳಗೊಳದ ವಿಂಧ್ಯಗಿರಿ ಬೆಟ್ಟದ ಮೇಲೆ ಮೂರ್ತಿ ಸಿದ್ಧವಾಯಿತು. ಒಂದೇ ಕಲ್ಲಿನಲ್ಲಿ ಕಡೆದ ಅದರ ಎತ್ತರ ಸುಮಾರು 57 ಅಡಿ. ಕಾಲಿನ ಬಳಿ ಹುತ್ತಗಳಿವೆ. ತೊಡೆಗೂ ತೋಳಿಗೂ ಬಳ್ಳಿ ಹಬ್ಬಿದೆ. ಕೈಯಲ್ಲಿ ಯಾವ ಆಯುಧವೂ ಇಲ್ಲ.

ಮೂರ್ತಿಯ ಪಾದದ ಬಳಿ ಇದನ್ನು ಮಾಡಿಸಿದವನು ಚಾವುಂಡರಾಯನೆಂದು ಕನ್ನಡದಲ್ಲಿ ಕೆತ್ತಲಾಗಿದೆ. ತಮಿಳಿನಲ್ಲಿಯೂ ಅದೇ ಮಾತನ್ನು ಕೆತ್ತಲಾಗಿದೆ. ನೀವು ಅಲ್ಲಿಗೆ ಹೋದರೆ ಎರಡನ್ನೂ ನೋಡಬಹುದು. ಅಲ್ಲಿ 'ಸಮರ ಪರಶುರಾಮ' ಎಂಬ ಬಿರುದನ್ನು ಕೆತ್ತಿಲ್ಲ.